168 ದಿನಗಳ ಋಣ

ಕ್ಷಯರೋಗದ ಚಿಕಿತ್ಸೆಯ ಕೊನೆಯ ಗುಳಿಗೆಯನ್ನು ಕಳೆದ ವಾರ ನುಂಗಿದೆ. ಕಫದಲ್ಲಿ ರೋಗಾಣು ಕಂಡುಬಂದಿಲ್ಲವೆಂಬ ವರದಿಯೂ ನಿನ್ನೆ ಕೈಸೇರಿತು. ಈ ಆರು ತಿಂಗಳು ನನ್ನ ಬೆನ್ನಿಗೆ ನಿಂತವರ ಉಪಕಾರವನ್ನು ನಾಲ್ಕು ಜನರೆದುರು ನೆನೆಯಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರನ್ನು ಬೇಕೆಂದೇ ಹೇಳಿದ್ದೇನೆ. ಮುಚ್ಚಿಡುವುದರಿಂದಲೇ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತಡವಾಗುತ್ತದೆ.

ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಸ್ವಭಾವದಿಂದ ಆಶಾವಾದಿಯಲ್ಲ. ಎರಡು ತಿಂಗಳ ಕೆಮ್ಮಿಗೆ ಒಂದು ಕಡೆ ಬರೀ ಕೆಮ್ಮಿನ ಔಷಧಿಯನ್ನೇ ಕೊಡುತ್ತ ಬಂದರು. ಸೆಪ್ಟೆಂಬರ್‌ನಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ನನ್ನ ತೂಕ 46 ಕಿಲೋಗೆ ಇಳಿದಿತ್ತು. ಶಾಲೆ ಮುಗಿಯಿತು, ಮಕ್ಕಳನ್ನು ಇನ್ನು ಮುಟ್ಟುವಂತಿಲ್ಲ, ಮನೆಗೆ ನಾನೊಂದು ಭಾರ ಎಂದು ಆ ಒಂದೇ ಸಂಜೆಯಲ್ಲಿ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ವೈದ್ಯರು ಸಮಾಧಾನದ ಮಾತೇನೂ ಆಡದೆ ಒಂದು ಹಾಳೆಯ ಮೇಲೆ 168 ಎಂದು ಬರೆದರು. "ಮೊದಲ 56 ದಿನ ನಾಲ್ಕು ಔಷಧ, ಉಳಿದ 112 ದಿನ ಮೂರು. ದಿನಾ ಒಂದೊಂದು ಕಳಕೋಂತ ಬರ್ರಿ ಟೀಚರ್" ಎಂದರು. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಅವರಿಗೆ ನನ್ನ ಮೊದಲ ನಮಸ್ಕಾರ.

ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಅವರ ವಿಚಾರಗಳನ್ನು ನಾನು ಓದಿದ್ದು ಆಮೇಲೆ. ಕಷ್ಟ ಬಂದಾಗ ಇದು ಎಂದಿಗೂ ಹೋಗದು, ಬದುಕೆಲ್ಲ ಕೆಟ್ಟಿತು, ತಪ್ಪೆಲ್ಲ ನನ್ನದೇ ಎಂದು ಅರ್ಥೈಸುವ ಅಭ್ಯಾಸ ಮನುಷ್ಯನನ್ನು ಕುಗ್ಗಿಸುತ್ತದೆ, ಅದೇ ಕಷ್ಟಕ್ಕೆ ಕಾಲದ ಮತ್ತು ವ್ಯಾಪ್ತಿಯ ಮಿತಿಯನ್ನು ಕಾಣುವ ಅಭ್ಯಾಸವನ್ನು ಯಾರಾದರೂ ಕಲಿತುಕೊಳ್ಳಬಹುದು ಎಂಬುದು ಅವರ ಪ್ರತಿಪಾದನೆ. ನನ್ನ ಕಷ್ಟಕ್ಕೆ ವೈದ್ಯರು ಆ ಹಾಳೆಯಲ್ಲಿ ಹಾಕಿಕೊಟ್ಟದ್ದು ಅಂಥದೇ ಒಂದು ಮಿತಿ. ರೋಗಾಣುವನ್ನು ಕೊಂದದ್ದು ಔಷಧಿಯೇ ಹೊರತು ಆಶಾವಾದವಲ್ಲ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹೊಟ್ಟೆ ತೊಳಸಿ ಅನ್ನ ಸೇರದ ಮುಂಜಾನೆಗಳಲ್ಲಿ ಗುಳಿಗೆಯನ್ನು ತಪ್ಪಿಸದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂದಿನದೊಂದು ಕಳೆದರೆ ಸಾಕೆಂಬ ಆ ಭಾವ.

ನಮ್ಮ ಓಣಿಯ ಆಶಾ ಕಾರ್ಯಕರ್ತೆಯ ಋಣ ಎಲ್ಲಕ್ಕಿಂತ ದೊಡ್ಡದು. ರಿಫಾಂಪಿಸಿನ್ ಎಂಬ ಔಷಧಿ ಮೂತ್ರದ ಬಣ್ಣವನ್ನು ಕೆಂಪಾಗಿಸುತ್ತದೆ. ಮೊದಲ ಗುಳಿಗೆ ನುಂಗಿಸಿದ ದಿನವೇ ಅಕ್ಕ, "ನಾಳೆ ಕೆಂಪಗ ಹೊಂಟ್ರ ಹೆದರಬ್ಯಾಡ್ರಿ, ಔಷಧಿ ಒಳಗ ಹೋಗೇತಿ ಅಂತ ತಿಳ್ಕೋರಿ" ಎಂದು ಹೇಳಿ ಹೋಗಿದ್ದರು. ಆ ಒಂದು ಮಾತಿಲ್ಲದಿದ್ದರೆ ಮರುದಿನ ನಾನು ರಕ್ತವೆಂದು ಕಂಗಾಲಾಗಿ ಔಷಧಿಯನ್ನೇ ಬಿಡುತ್ತಿದ್ದೆನೋ ಏನೋ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ನೆರವು ನೀಡುವ ನಿಕ್ಷಯ್ ಪೋಷಣೆ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿಯಂತೆ ನನ್ನ ಖಾತೆಗೆ ಬಂದ ಹಣಕ್ಕೂ ಅವರೇ ಓಡಾಡಿದರು. ಅದು ಮೊಟ್ಟೆ, ಶೇಂಗಾ, ಹಾಲಿಗೆ ಆಯಿತು.

ನನ್ನ ತಾಟು, ವಾಟಿಗಳನ್ನು ನಾನೇ ಬೇರೆಯಾಗಿ ಗೂಡಿನಲ್ಲಿ ಎತ್ತಿಟ್ಟಿದ್ದೆ. ಸರಿಯಾಗಿ ಔಷಧಿ ತೆಗೆದುಕೊಂಡರೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ, ಈ ರೋಗ ಹರಡುವುದು ಗಾಳಿಯಿಂದಲೇ ಹೊರತು ತಾಟಿನಿಂದಲ್ಲ ಎಂದು ಅಕ್ಕ ತಿಳಿಸಿ ಹೋದ ಸಂಜೆ, ನಮ್ಮ ಅತ್ತೆಯವರು ಯಾರಿಗೂ ಏನೂ ಹೇಳದೆ ಆ ತಾಟನ್ನು ಗೂಡಿನಿಂದ ತೆಗೆದು, ಎಲ್ಲರ ತಾಟುಗಳೊಡನೆ ತೊಳೆದು, ನಡುವೆ ಸೇರಿಸಿ ಬೋರಲು ಹಾಕಿದರು. ಅತ್ತೀ, ನಿಮಗೆ ಅಂದು ಹೇಳಲಾಗದ್ದನ್ನು ಇಂದು ಇಲ್ಲಿ ಹೇಳುತ್ತಿದ್ದೇನೆ: ಅಂದು ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದೆ.

ಡೋಣಿ ನದಿ ಸಾಲಿನ ಎರೆ ಹೊಲದಲ್ಲಿ ನಮ್ಮ ಅಪ್ಪ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ನೆಲದೊಳಗಿನ ಹಸಿಯ ಮೇಲೆಯೇ ಆ ಬೆಳೆ ನಿಲ್ಲಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಲು ಹೋದಾಗ ಅಪ್ಪ ಬೆಳೆಯ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, "ಇನ್ನೂ ಹಸಿ ಐತಿ ನೋಡವ್ವಾ" ಎಂದು ನನ್ನ ಅಂಗೈಗೆ ಇಟ್ಟರು. ನನ್ನ ಕಾಯಿಲೆಯ ಮಾತನ್ನು ಅಂದು ಅವರು ಎತ್ತಲೇ ಇಲ್ಲ. ಒಳ್ಳೆಯದಾಗುತ್ತದೆಂದು ಬಾಯಲ್ಲಿ ಹೇಳುವುದಕ್ಕೂ ಎಲ್ಲಿ ಹಸಿ ಉಳಿದಿದೆಯೆಂದು ಕೆದಕಿ ನೋಡುವುದಕ್ಕೂ ಇರುವ ಅಂತರ ನನಗೆ ಅರಿವಾದದ್ದು ಅಲ್ಲಿಯೇ. ವಿಜಯಪುರಕ್ಕೆ ಮರಳಿದ ಮೇಲೆ ನಾನೂ ಪ್ರತಿ ರಾತ್ರಿ ಆ ದಿನ ಸರಿಯಾಗಿ ನಡೆದ ಒಂದು ಸಂಗತಿಯನ್ನು ಕ್ಯಾಲೆಂಡರಿನ ಅಂಕಿಯ ಕೆಳಗೆ ಬರೆಯತೊಡಗಿದೆ: ಒಂದೂವರೆ ರೊಟ್ಟಿ ಉಂಡೆ, ಕೆಮ್ಮದೆ ಮಹಡಿ ಏರಿದೆ, ತೂಕ 50.

2019ರಲ್ಲಿ ಅಮೆರಿಕದಲ್ಲಿ ಸುಮಾರು 70,000 ಮಹಿಳೆಯರು ಮತ್ತು 1,400 ಪುರುಷರ ಮಾಹಿತಿಯನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದು, ಹೆಚ್ಚು ಆಶಾವಾದಿಗಳಾದವರ ಆಯುಷ್ಯ ಸರಾಸರಿ ಶೇ. 11ರಿಂದ 15ರಷ್ಟು ಹೆಚ್ಚೆಂದು ಗುರುತಿಸಿತು. ಅದು ಸಂಬಂಧವನ್ನಷ್ಟೇ ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲವೆಂದು ಗಣಿತದ ಶಿಕ್ಷಕಿಯಾಗಿ ಬಲ್ಲೆ. ನನಗಂತೂ ದೊರೆತ ಲಾಭ ಆಯುಷ್ಯದ್ದಕ್ಕಿಂತ ದಿನದಿನದ್ದು: ನಿದ್ದೆ ಬಂತು, ಹಸಿವಾಯಿತು, ಮಗಳ ಅಭ್ಯಾಸ ನೋಡುವಷ್ಟು ಮನಸ್ಸು ಹಗುರಾಯಿತು.

ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಗುಳಿಗೆಯ ಹೊತ್ತಿಗೆ ದಿನವೂ ನೀರಿನ ತಂಬಿಗೆ ಹಿಡಿದು ನಿಂತ ನಮ್ಮ ಯಜಮಾನರಿಗೆ, ಹತ್ತನೆಯ ತರಗತಿಯ ನನ್ನ ಮಕ್ಕಳಿಗೆ ನಾನು ಋಣಿ. ಊರಿನಿಂದ ಹೊಸ ಜೋಳ ಬಂದಿದೆ. ಈ ಭಾನುವಾರ ಆಶಾ ಅಕ್ಕನವರನ್ನು ಊಟಕ್ಕೆ ಕರೆದಿದ್ದೇನೆ. ರೊಟ್ಟಿ ತಾವೇ ಬಡಿಯುವುದಾಗಿ ಅತ್ತೆಯವರು ಹೇಳಿದ್ದಾರೆ.