ಡೇಟ್ ತಪ್ಪಿದವರಿಗೆ ಒಂದು ಫೋನ್ ಮಾಡಿ

ಮಾನ್ಯ ಸಂಪಾದಕರೇ,

ಆರು ವರ್ಷದಿಂದ ನಮ್ಮಕ್ಕನ್ನ ಮನೋರೋಗ ವಿಭಾಗದ ಓಪಿಡಿಗೆ ಕರ್ಕೊಂಡು ಹೋಗ್ತಿದೀನಿ, ಅಲ್ಲಿ ಕೌಂಟರ್‌ನಲ್ಲಿ ಕೇಳಿ ಕೇಳಿ ಸಾಕಾಗಿರೋ ಮಾತು ಒಂದಿದೆ, "ಡೇಟ್ ಕೊಟ್ರೂ ಬರಲ್ಲ, ಅವ್ರಿಗೇ ಬೇಡ ಅಂದ್ಮೇಲೆ ನಾವೇನ್ ಮಾಡೋಕಾಗುತ್ತೆ" ಅಂತ.

ಬೇಡ ಅಂತಲ್ಲ ಸ್ವಾಮಿ. ಖಿನ್ನತೆ ಬಂದ್ರೆ ಎದ್ದು ಹೊರಡೋ ಶಕ್ತಿನೇ ಹೋಗ್ಬಿಡುತ್ತೆ. ಒಂದಿನ ಒಂಬತ್ತೂವರೆಗೆ ಅಪಾಯಿಂಟ್‌ಮೆಂಟ್ ಇತ್ತು, ಅಕ್ಕ ಸ್ನಾನ ಮಾಡಿ, ಫೈಲ್ ತೊಡೆ ಮೇಲಿಟ್ಕೊಂಡು, ಒಂದು ಕಾಲಿಗೆ ಚಪ್ಪಲಿ ಹಾಕಿ ಮಂಚದ ತುದೀಲಿ ಕೂತವಳು ಹತ್ತೂಕಾಲಾದ್ರೂ ಇನ್ನೊಂದು ಕಾಲಿಗೆ ಹಾಕ್ಲೇ ಇಲ್ಲ, ನಾನು ಬೇರೆ ರೇಗಿದೆ (ಈಗ್ಲೂ ಅದು ಚುಚ್ಚುತ್ತೆ). ಆಸ್ಪತ್ರೆ ಲೆಕ್ಕದಲ್ಲಿ ಅವತ್ತು ಬರೀ ಗೈರುಹಾಜರಿ.

ಮಾತ್ರೆದೂ ಒಂದು ಕಥೆ. ಎಸ್‌ಎಸ್‌ಆರ್‌ಐ ಅನ್ನೋ ಖಿನ್ನತೆ ಮಾತ್ರೆಗಳ ಗುಣ ಗೊತ್ತಾಗೋಕೆ ಸಾಮಾನ್ಯವಾಗಿ 2ರಿಂದ 6 ವಾರ ಹಿಡಿಯುತ್ತೆ, ವಾಕರಿಕೆ, ತಲೆನೋವು ಮಾತ್ರ ಮೊದಲ ವಾರವೇ ಶುರುವಾಗ್ಬೋದು. ಇದನ್ನ ಬಿಡಿಸಿ ಹೇಳದಿದ್ರೆ ಜನ ಆಗಿಬರ್ಲಿಲ್ಲ ಅಂತ ಮಾತ್ರೆ ನಿಲ್ಲಿಸ್ತಾರೆ, ನಿಲ್ಲಿಸಿದ್ದಕ್ಕೆ ಡಾಕ್ಟರ್ ಬೈತಾರೆ ಅಂತ ಮುಂದಿನ ಡೇಟಿಗೂ ಹೋಗಲ್ಲ. ಹುಷಾರಾದವ್ರೂ ಇನ್ಯಾಕೆ ಅಂತ ಬಿಡ್ತಾರೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡೋ ಲಿಥಿಯಂ ಮಾತ್ರೆ ತಗೊಳ್ಳೋರಂತೂ ಡೇಟ್ ತಪ್ಪಿಸಲೇಬಾರದು, ಅದು ರಕ್ತದಲ್ಲಿ ಮಿತಿ ಮೀರಿದ್ರೆ ವಿಷ, ಕಿಡ್ನಿ ಥೈರಾಯ್ಡ್ ಕೂಡ ಆಗಾಗ ನೋಡಿಸ್ತಾ ಇರ್ಬೇಕು.

ಬರೋರು ಯಾಕ್ ಬರ್ತಾರೆ ಅನ್ನೋದನ್ನೂ ನೋಡಿ. ಹೋದ್ಸಲ ನಿದ್ದೆ ಬರಲ್ಲ ಅಂದಿದ್ರಲ್ಲ ಈಗ ಹೇಗಿದೆ ಅಂತ ನೆನಪಿಟ್ಕೊಂಡು ಕೇಳೋ ಡಾಕ್ಟರ್ ಒಬ್ರಿದ್ರು, ಅವ್ರಿದ್ದ ಎರಡು ವರ್ಷ ಅಕ್ಕ ಒಂದು ಡೇಟೂ ಬಿಟ್ಟಿರ್ಲಿಲ್ಲ. ಅವ್ರಿಗೆ ವರ್ಗ ಆದ್ಮೇಲೆ ಪ್ರತಿ ಸಲ ಹೊಸ ಮುಖ, ಸಾಯ್ಬೇಕು ಅನ್ಸಿದ್ದನ್ನ ಪ್ರತಿ ಸಲ ಮೊದಲಿಂದ ಹೇಳ್ಬೇಕು, ಅದೂ ಬಾಗಿಲು ಅರ್ಧ ತೆಗೆದಿಟ್ಟು, ಹಿಂದಿನವ್ರು ಕ್ಯೂನಲ್ಲಿ ಕೇಳಿಸ್ಕೊಳ್ತಾ ಇರೋವಾಗ.

ಮರೆಯೋರಿಗೆ ಹಿಂದಿನ ದಿನ ಮೆಸೇಜ್ ಕಳಿಸಿ, ಆದ್ರೆ ವಿಭಾಗದ ಹೆಸರು ಹಾಕ್ಬೇಡಿ, ಮನೇಲಿ ಫೋನ್ ಎಲ್ರ ಕೈಲೂ ಓಡಾಡ್ತಿರುತ್ತೆ. ರಾತ್ರಿ ಮಂಪರಿನ ಮಾತ್ರೆ ತಗೊಳ್ಳೋರಿಗೆ ಮಧ್ಯಾಹ್ನದ ಟೈಮ್ ಕೊಡಿ. ಬರ್ಲಿಲ್ವಾ, ಅವತ್ತೇ ಯಾರಾದ್ರೂ ಫೋನ್ ಮಾಡಿ, ಬೈಯೋಕಲ್ಲ, ಇನ್ನೊಂದು ಡೇಟ್ ಕೊಡೋಕೆ. ಒಂದೇ ಚಪ್ಪಲಿ ಹಾಕಿ ಕೂತಿದ್ದ ಆ ದಿನ ನಮಗೆ ಯಾರೂ ಫೋನ್ ಮಾಡ್ಲಿಲ್ಲ, ನಾವು ಮತ್ತೆ ಹೋಗಿದ್ದು ನಾಲ್ಕು ತಿಂಗಳಾದ್ಮೇಲೆ.

– ರೋಗಿಯೊಬ್ಬರ ತಮ್ಮ