ಪಾದುವಾಕ್ಕೆ ಹೊರಟ ಮಗಳಿಗೆ

ಮಗಳೇ,

ನಾಳೆ ರಾತ್ರಿ ನೀನು ಇಟಲಿಯ ಪಾದುವಾಕ್ಕೆ ಓದಲು ಹೊರಡುತ್ತೀ. ವೀಸಾದ ಓಡಾಟ, ಬ್ಯಾಂಕಿನ ಸಾಲ, ಅಜ್ಜಿಯ ಅಳು ಎಲ್ಲ ನಿನಗೆ ಗೊತ್ತಿದ್ದದ್ದೇ. ಎದುರಿಗೆ ಕೂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿಯದೇ ಇನ್ನೊಂದು ಊರು ಬೊಲೋನ್ಯಾದ ವಿಶ್ವವಿದ್ಯಾಲಯದಲ್ಲಿ ಸ್ವಾತಂತ್ರ್ಯ ಸಾಲದೆಂದು ಎದ್ದು ಬಂದ ಮೇಷ್ಟ್ರುಗಳು, ವಿದ್ಯಾರ್ಥಿಗಳು 1222ರಲ್ಲಿ ಕಟ್ಟಿಕೊಂಡ ವಿಶ್ವವಿದ್ಯಾಲಯ ಅದು. ಗೆಲಿಲಿಯೋ 18 ವರ್ಷ ಪಾಠ ಹೇಳಿದ ಜಾಗ. ರಕ್ತ ಮೈಯೊಳಗೆ ಸುತ್ತುತ್ತದೆಂದು ತೋರಿಸಿದ ಹಾರ್ವೆ 1602ರಲ್ಲಿ ಪದವಿ ಪಡೆದದ್ದೂ ಅಲ್ಲೇ. ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿದ್ದೇನೆ, ಹೆಮ್ಮೆ ತಡೆಯಲಾಗಲಿಲ್ಲ.

ಆದರೆ ನನ್ನನ್ನು ಬಿಡದೆ ಕಾಡುವವಳು ಎಲೆನಾ ಕೊರ್ನಾರೊ, ಅಲ್ಲಿ ಡಾಕ್ಟರ್ ಪದವಿ ಪಡೆದ ಮೊದಲ ಹೆಂಗಸು. ‘ಮತ್ತೆ ಅದೇ ಕಥೆನಾ ಅಪ್ಪಾ’ ಅನ್ನುತ್ತೀ. ಹೌದು, ಅದೇ. ಅಪ್ಪ ವೆನಿಸ್ಸಿನ ದೊಡ್ಡ ಮನುಷ್ಯ, ಮಗಳಿಗೆ ಗ್ರೀಕ್, ಲ್ಯಾಟಿನ್, ಹೀಬ್ರೂ ಎಲ್ಲ ಕಲಿಸಿದ. ಅವಳ ಮನಸ್ಸಿದ್ದದ್ದು ಸನ್ಯಾಸಿನಿಯರ ಬದುಕಿನ ಕಡೆಗೆ. ದೇವತಾಶಾಸ್ತ್ರದಲ್ಲಿ ಡಾಕ್ಟರ್ ಪದವಿ ಕೊಡಿ ಎಂದರೆ, ಹೆಂಗಸಿಗೆ ಅದು ಕೂಡದು ಎಂದರು ಬಿಷಪ್ ಬಾರ್ಬರಿಗೊ. ಕೊನೆಗೆ ತತ್ತ್ವಶಾಸ್ತ್ರಕ್ಕೆ ಒಪ್ಪಿದರು. 1678ರ ಜೂನ್ 25ರಂದು ನೋಡಲು ಬಂದ ಜನ ಎಷ್ಟೆಂದರೆ, ಪರೀಕ್ಷೆಯನ್ನು ಕೆಥೆಡ್ರಲ್‌ನಲ್ಲಿ ನಡೆಸಬೇಕಾಯಿತು. ಅರಿಸ್ಟಾಟಲನ ಮಾತುಗಳನ್ನು ಲ್ಯಾಟಿನ್ನಿನಲ್ಲಿ ವಿವರಿಸಿದಳು. ಬೆರಳಿಗೆ ಉಂಗುರ, ಹೆಗಲಿಗೆ ತುಪ್ಪಳದ ಮೇಲಂಗಿ, ತಲೆಗೆ ಎಲೆಯ ಕಿರೀಟ. ಆಗ ಅವಳಿಗೆ 32 ವರ್ಷ. ಆರೇ ವರ್ಷಕ್ಕೆ ತೀರಿಕೊಂಡಳು.

ಅವಳ ಹಿಂದೆಯೇ ಪಾದುವಾ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಂಡಿತು. ಇಟಲಿಯಲ್ಲಿ ಮತ್ತೊಬ್ಬಳು, ಲಾರಾ ಬಾಸಿ, ಪದವಿ ಪಡೆದದ್ದು 1732ರಲ್ಲಿ, ಅದೂ ಬೊಲೋನ್ಯಾದಲ್ಲಿ. ಪಾದುವಾ ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ರೆಕ್ಟರ್, ಅಂದರೆ ಮುಖ್ಯಸ್ಥೆ, ಬಂದದ್ದು 2021ರಲ್ಲಿ!

ನನಗೆ ಎಲೆನಾಳಿಗಿಂತ ಅವಳ ಅಪ್ಪನ ಯೋಚನೆಯೇ ಹೆಚ್ಚು. ಕೆಥೆಡ್ರಲ್ ತುಂಬಿ ತುಳುಕುವಾಗ ಅವನ ಎದೆ ಉಬ್ಬಿರಬೇಕು. ನಿನಗೆ ಬೇಕೇನಮ್ಮಾ ಎಂದು ಒಮ್ಮೆಯಾದರೂ ಕೇಳಿದನೋ? ಆ ಪ್ರಶ್ನೆಯನ್ನು ನಾನು ನಿನಗೆ ಕೇಳುತ್ತಿದ್ದೇನೆ, ಟಿಕೆಟ್ ಕೈಗೆ ಬಂದ ಮೇಲೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸ್ಟ್ಯಾಟಿಸ್ಟಿಕ್ಸ್ ನಿನ್ನದೇ ಆಯ್ಕೆ ಎಂದು ಗೊತ್ತು. ಆದರೂ ಅಪ್ಪ ಊರೆಲ್ಲ ಹೇಳಿಬಿಟ್ಟಿದ್ದಾನಲ್ಲ ಎಂದು ಹಲ್ಲು ಕಚ್ಚಿ ಕೂರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿಯಲ್ಲಿ ತಲೆಸ್ನಾನ ಮಾಡಿ ಹೊರಗೆ ಹೋಗಬೇಡ. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಮೇಷ್ಟ್ರಿಗೆ ಹೇಳಲು ಸಂಕೋಚಪಡಬೇಡ. ಇಗೋ, ಶುರುವಾಯಿತು ನನ್ನ ಉಪದೇಶ.

ಮೊದಲ ಸೆಮಿಸ್ಟರ್ ಮುಗಿದ ಮೇಲೂ ಮನಸ್ಸು ನಿಲ್ಲದಿದ್ದರೆ ಫೋನ್ ಮಾಡು. ಸಾಲದ ಕಂತು ನಾನು ನೋಡಿಕೊಳ್ಳುತ್ತೇನೆ, ಅಜ್ಜಿಗೆ ಅಮ್ಮ ಹೇಳುತ್ತಾಳೆ.

ನಿನ್ನ
ಅಪ್ಪ