ವಾಂತಿ–ಭೇದಿಯಾದ ಮಗುವಿಗೆ ಓಆರ್‌ಎಸ್: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಹೋದ ಮಂಗಳವಾರ ಮೂರನೇ ತರಗತಿಯ ಮಗುವೊಂದಕ್ಕೆ ವಾಂತಿ–ಭೇದಿ ಶುರುವಾಗಿ, ಮನೆಯವರು ಬರುವ ಮೊದಲೇ ನಾವು ಓಆರ್‌ಎಸ್ (ಉಪ್ಪು, ಗ್ಲೂಕೋಸಿನ ಪುಡಿ ಕಲಸಿದ ನೀರು) ಕುಡಿಸಿದೆವು. ‘ನಮ್ಮನ್ನು ಕೇಳದೆ ಮದ್ದು ಯಾಕೆ ಕೊಟ್ಟಿರಿ’ ಎಂದು ಮನೆಯವರು ಕೇಳಿದ್ದಾರೆ. ‘ವಾಂತಿ ನಿಲ್ಲುವ ಮೊದಲು ಏನೂ ಕುಡಿಸಬಾರದಿತ್ತು’ ಎಂದು ಬೇರೆ ಕೆಲವರೂ ಹೇಳಿದ್ದಾರೆ. ಮಗುವಿನ ಮೇಲಿನ ಅಕ್ಕರೆಯಿಂದ ಬಂದ ಮಾತು, ನನಗೆ ಬೇಸರವಿಲ್ಲ. ಆದರೆ ಅಂದು ಮಾಡಿದ್ದನ್ನು ನಾಳೆಯೂ ಮಾಡುತ್ತೇವೆ. ಯಾಕೆಂದು ನಿಮಗೆ ತಿಳಿಸಬೇಕು.

ಅಂದು ಹನ್ನೊಂದು ಗಂಟೆಯೊಳಗೆ ಮಗುವಿಗೆ ಮೂರು ಸಲ ಭೇದಿ, ಎರಡು ಸಲ ವಾಂತಿ ಆಗಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ತುಟಿ ಒಣಗಿತ್ತು, ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿರಲಿಲ್ಲ. ಟೀಚರ್ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ ಮಡಿಕೆ ತಕ್ಷಣ ಹೋಗದೆ ನಿಧಾನವಾಗಿ ಇಳಿಯಿತು. ಮೈಯ ನೀರು ಆರುತ್ತಿದೆ ಎಂಬುದಕ್ಕೆ ಇವೇ ಗುರುತು. ಮನೆಯವರು ಕೊಟ್ಟ ಎರಡೂ ನಂಬರಿಗೆ ಫೋನ್ ಮಾಡಿದೆವು, ತೋಟದೊಳಗೆ ರೇಂಜ್ ಇರಲಿಲ್ಲ. ಆ ಮಳೆಯಲ್ಲಿ ಜೀಪು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಟೀಚರ್ ಮಗುವನ್ನು ಮೈಗೊರಗಿಸಿಕೊಂಡು ಸ್ಟೀಲ್ ಲೋಟದಿಂದ ನಿಮಿಷಕ್ಕೊಂದು ಚಮಚದಂತೆ ಕುಡಿಸಿದರು. ಒಮ್ಮೆ ಕಕ್ಕಿತು. ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಕೊಟ್ಟರು. ಆಮೇಲೆ ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು.

ಓಆರ್‌ಎಸ್ ಭೇದಿ ನಿಲ್ಲಿಸುವ ಮದ್ದಲ್ಲ, ಮೈಯಿಂದ ಹೋದ ನೀರನ್ನೂ ಉಪ್ಪನ್ನೂ ತುಂಬಿಕೊಡುವ ದ್ರಾವಣ. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸಿನ ಜೊತೆ ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥ ದ್ರಾವಣವನ್ನೇ ಕಾಲರಾ ರೋಗಿಗಳಿಗೆ ಕೊಡಿಸಿದರು. ಅಲ್ಲಿ ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಹಾಗಾಗಿ ನಮ್ಮ ಟೀಚರ್ ಕೈಮೀರಿದ ಕೆಲಸವನ್ನೇನೂ ಮಾಡಿಲ್ಲ.

ವಾಂತಿಯಾಗುತ್ತದೆಂದು ಕುಡಿಸುವುದನ್ನೇ ನಿಲ್ಲಿಸಿದರೆ ಮಗು ಇನ್ನಷ್ಟು ಒಣಗುತ್ತದೆ. ದಯವಿಟ್ಟು ಇದೊಂದನ್ನು ಮನೆಯಲ್ಲಿ ಅಜ್ಜಿ–ತಾತನಿಗೂ ಹೇಳಿ. ಲೋಟ ಎತ್ತಿ ಒಮ್ಮೆಗೇ ಕುಡಿಸುವುದು ಬೇಡ, ಚಮಚದಲ್ಲಿ ಕೊಡಿ. ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಮಿಲಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ, ಕುದಿಸಿ ಆರಿಸಿದ ನೀರಿನಲ್ಲಿ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಉಪ್ಪು ಹೆಚ್ಚಾಗಿ ತೊಂದರೆಯೇ ಆಗುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಗಂಜಿ ತಿಳಿ, ಮಜ್ಜಿಗೆ ಕೊಡಬಹುದು. ಜ್ಯೂಸ್, ಸೋಡಾ, ಬೆಲ್ಲದ ಕಾಫಿ ಬೇಡ. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೆ ನೀರೆಳೆದು ಭೇದಿ ಹೆಚ್ಚುತ್ತದೆ.

ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಚಮಚ ಹಿಡಿದು ಕೂರುವ ಹೊತ್ತಲ್ಲ, 108ಕ್ಕೆ ಕರೆ ಮಾಡಿ. ಮೂತ್ರ ಗಾಢ ಹಳದಿಯಾದರೂ ಗಮನವಿರಲಿ. (ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದು ಬೇರೆ, ಅದಕ್ಕೆ ಗಾಬರಿ ಬೇಡ.)

ನಿಮ್ಮ ಒಪ್ಪಿಗೆಗೆ ಬೆಲೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಜೂನ್ ಸಭೆಯಲ್ಲೇ ಈ ವಿಷಯ ಎತ್ತಬೇಕಿತ್ತು, ಎತ್ತಲಿಲ್ಲ, ಅದು ನನ್ನ ತಪ್ಪು. ಇನ್ನು ಮುಂದೆಯೂ ಮೊದಲು ನಿಮಗೆ ಫೋನ್ ಮಾಡುತ್ತೇವೆ, ಸಿಗುವವರೆಗೂ ಮಾಡುತ್ತಲೇ ಇರುತ್ತೇವೆ. ಆದರೆ ಫೋನ್ ಸಿಗಲೆಂದು ಮಗುವನ್ನು ಬಾಯಾರಿಸಿ ಕೂರಿಸುವುದಿಲ್ಲ. ಓಆರ್‌ಎಸ್ ಬಿಟ್ಟು ಬೇರೆ ಯಾವ ಮಾತ್ರೆ, ಟಾನಿಕ್ಕನ್ನೂ ನಿಮ್ಮನ್ನು ಕೇಳದೆ ಕೊಡುವುದಿಲ್ಲ. ಮೂತ್ರಪಿಂಡದ, ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ಏನು ಮಾಡಬೇಕೆಂದು ಅವರ ಡಾಕ್ಟರು ಹೇಳಿದಂತೆಯೇ ನಡೆಯುತ್ತೇವೆ.

ಜೊತೆಗಿರುವ ಚೀಟಿಯಲ್ಲಿ ಮಗುವಿನ ತೂಕ, ಇರುವ ಕಾಯಿಲೆ, ಲೈನ್ ಮನೆಯ ಅಥವಾ ಪಕ್ಕದ ಮನೆಯ ಇನ್ನೊಂದು ಫೋನ್ ನಂಬರ್ ಬರೆದು ಸಹಿ ಮಾಡಿ ಸೋಮವಾರ ಕಳುಹಿಸಿ.

ಇಂತು ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ